ಬರದ ವರ್ಷದಲ್ಲಿ ಕೊನೇ ಮನೆಯ ನಲ್ಲಿ

(ಶಿವಮೊಗ್ಗದಲ್ಲಿ ನಾಗರಿಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಓದಲು ಅನುಕೂಲವಾಗುವಷ್ಟು ಮಾತ್ರ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ತುಂಗೆಯ ದಂಡೆಯಲ್ಲಿ ನಿಂತು ಬರದ ಮಾತೆತ್ತಿದರೆ ಜನ ವಿಚಿತ್ರವಾಗಿ ನೋಡುತ್ತಾರೆ. "ಮಲೆನಾಡಲ್ಲಿ ಎಂಥ ಬರ ಮಾರಾಯ್ರೇ" ಅಂತ ಕೇಳುತ್ತಾರೆ. ಹಾಗೆ ಕೇಳುವುದರಲ್ಲಿ ತಪ್ಪಿಲ್ಲ. 2019ರ ಆಗಸ್ಟಿನಲ್ಲಿ ಇದೇ ಊರಿನ ಬಡಾವಣೆಗಳಿಗೆ ಹೊಳೆ ನುಗ್ಗಿದ್ದನ್ನು ಕಂಡವರು ನಾವು. ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿತು ಅಂದರೆ ಸಾಕು, ಮಕ್ಕಳು ಮರಿ ಕಟ್ಟಿಕೊಂಡು ಹೊಳೆ ನೋಡಲು ಹೋಗುತ್ತೇವೆ. ಇಲ್ಲಿಂದ ತೊಂಬತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಆಗುಂಬೆ ಇದೆ. ಅಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಇಂಥ ಜಾಗದಲ್ಲಿ ನೀರಿಲ್ಲ ಅಂದರೆ ಯಾರು ನಂಬುತ್ತಾರೆ?

ಆದರೆ 2023ನ್ನು ನೆನಪು ಮಾಡಿಕೊಳ್ಳಿ. ಜೂನ್ ಕೈಕೊಟ್ಟಿತು. ಜುಲೈಯಲ್ಲಿ ಒಂದಿಷ್ಟು ಸುರಿಯಿತು, ಉಸಿರು ಬಂತು. ಆಗಸ್ಟ್ ಮತ್ತೆ ಒಣಗಿತು. 1901ರಿಂದ ಇರುವ ದಾಖಲೆಯಲ್ಲಿ ದೇಶಕ್ಕೆ ಅಷ್ಟು ಒಣ ಆಗಸ್ಟ್ ಬಂದೇ ಇರಲಿಲ್ಲ. ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಮೊದಲು 195 ತಾಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತು. ಪಟ್ಟಿ ಬೆಳೆಯುತ್ತಾ ಹೋಗಿ 236 ತಾಲೂಕುಗಳಲ್ಲಿ 223ಕ್ಕೆ ಬಂದು ನಿಂತಿತು. ನಮ್ಮ ಜಿಲ್ಲೆಯ ತಾಲೂಕುಗಳೂ ಅದರಲ್ಲಿದ್ದವು. ಶರಾವತಿಯ ಲಿಂಗನಮಕ್ಕಿ ಜಲಾಶಯ ಆ ವರ್ಷ ತುಂಬಲಿಲ್ಲ. ಮರುವರ್ಷ ಮಳೆ ಹೊಡೆದದ್ದೇ ತಡ, ತುಂಗೆಯ ಗಾಜನೂರು ಅಣೆಕಟ್ಟಿನ ಗೇಟು ತೆಗೆದರು, ಲಿಂಗನಮಕ್ಕಿಯ ಗೇಟೂ ತೆಗೆದರು, ಬಾಗಿನ ಬಿಟ್ಟೆವು, ಬರವನ್ನು ಮರೆತೆವು.

ಆ ಮರೆವಿನ ಮೇಲೆ ನನಗೆ ಸಿಟ್ಟಿದೆ. ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿ ಆಗುವವರೆಗೂ ನಾನು ಮಾಡಿದ್ದು ಊರುಗಳಿಗೆ ನೀರು ಕೊಡುವ ಕೆಲಸ. ಬರ ಬಂದಾಗಲೆಲ್ಲ ಒಂದೇ ಥರದ ಸಭೆ, ಒಂದೇ ಥರದ ಪ್ರಶ್ನೆ ಕೇಳಿದ್ದೇನೆ: "ಡ್ಯಾಮಿನಲ್ಲಿ ಎಷ್ಟು ಅಡಿ ಇದೆ?" ಕೇಳಬೇಕಾದ ಪ್ರಶ್ನೆಯೇ. ಆದರೆ ಅದರ ಜೊತೆ ಇನ್ನೊಂದನ್ನೂ ಕೇಳಬೇಕು. ಪೈಪ್‌ಲೈನಿನ ತುತ್ತತುದಿಯಲ್ಲಿ, ದಿಣ್ಣೆ ಮೇಲೆ ಇರುವ ಕೊನೇ ಮನೆಯ ನಲ್ಲಿಗೆ ಇವತ್ತು ನೀರು ಬಂತಾ? ಎಷ್ಟು ಹೊತ್ತು ಬಂತು? ಬಂದ ನೀರು ಕುಡಿಯುವ ಹಾಗಿತ್ತಾ? ಬರದ ವರ್ಷದಲ್ಲಿ ಊರಿನ ನೀರಿನ ವ್ಯವಸ್ಥೆ ಸರಿ ಇದೆಯೋ ಇಲ್ಲವೋ ಅಂತ ಹೇಳುವುದು ಆ ನಲ್ಲಿ. ಇವತ್ತಿನ ನನ್ನ ಮಾತೆಲ್ಲ ಅದರ ಸುತ್ತಲೇ ಇರುತ್ತದೆ.

ಮೊದಲು ಹೊಳೆಯ ವಿಷಯ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಗಂಗಾಮೂಲದ ಕಡೆಯ ಬೆಟ್ಟದಲ್ಲೇ ಹುಟ್ಟುತ್ತವೆ. ನೇತ್ರಾವತಿ ಘಟ್ಟ ಇಳಿದು ಸಮುದ್ರಕ್ಕೆ ಹೋಗುತ್ತದೆ. ಭದ್ರೆಗೆ ಲಕ್ಕವಳ್ಳಿಯಲ್ಲಿ ದೊಡ್ಡ ಅಣೆಕಟ್ಟು ಇದೆ, 71.5 ಟಿಎಂಸಿ ಹಿಡಿಯುತ್ತದೆ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ನಮ್ಮ ತುಂಗೆಗೆ ಇರುವುದು ಗಾಜನೂರು. ಅದರ ಸಾಮರ್ಥ್ಯ ಮೂರು ಟಿಎಂಸಿ ಚಿಲ್ಲರೆ, ಅಷ್ಟೇ. ಅಂದರೆ ತುಂಗೆಯ ನೀರು ಬಹುಪಾಲು ಮಳೆಗಾಲದಲ್ಲೇ ನಮ್ಮನ್ನು ದಾಟಿ, ಕೂಡ್ಲಿಯಲ್ಲಿ ಭದ್ರೆಯನ್ನು ಸೇರಿ ಹೊರಟುಹೋಗುತ್ತದೆ. ಮಳೆಗಾಲದಲ್ಲಿ ಎಷ್ಟೇ ಉಕ್ಕಿ ಹರಿದರೂ ಏಪ್ರಿಲ್‌ಗೆ ಉಳಿಯುವುದು ಗಾಜನೂರಿನಲ್ಲಿ ನಿಂತದ್ದು ಮತ್ತು ಮೇಲಿನ ಕಾಡಿನಿಂದ, ಒರತೆಗಳಿಂದ ಜಿನುಗಿ ಬರುವುದು.

ಆ ಜಿನುಗು ದೊಡ್ಡ ವಿಷಯ. ಮಲೆನಾಡಿನ ಹಳೇ ಮನೆಗಳಲ್ಲಿ ಗುಡ್ಡದ ಒರತೆಯಿಂದ ಅಡಿಕೆ ದಬ್ಬೆಯಲ್ಲಿ ಬಚ್ಚಲಿಗೇ ನೀರು ತರುತ್ತಿದ್ದರು. ಹಗಲೂ ರಾತ್ರಿ ಸುರಿಯುವ ನೀರು, ಮೋಟಾರು ಇಲ್ಲ, ಬಿಲ್ಲು ಇಲ್ಲ. ಮಳೆ ನಿಂತು ತಿಂಗಳುಗಟ್ಟಲೆ ಆದಮೇಲೂ ಆ ದಬ್ಬೆಯಲ್ಲಿ ನೀರು ಬರುತ್ತಿದ್ದರೆ ಅದು ಕಾಡು ಹಿಡಿದಿಟ್ಟ ನೀರು. ಕಾಡು ಕಡಿಮೆಯಾದ ಕಡೆ ಮಳೆ ಅಷ್ಟೇ ಸುರಿದರೂ ಒರತೆ ಬೇಗ ಬತ್ತುತ್ತದೆ. ಹೊಸನಗರ, ತೀರ್ಥಹಳ್ಳಿ ಕಡೆಯ ಎತ್ತರದ ಮನೆಗಳ ಬಾವಿಗಳು ಬೇಸಿಗೆಯಲ್ಲಿ ತಳ ಕಾಣುತ್ತವೆ. ಶರಾವತಿ ಹಿನ್ನೀರು ಕಣ್ಣಿಗೆ ಕಾಣುವಷ್ಟು ಹತ್ತಿರ ಇರುವ ಹಳ್ಳಿಗಳಲ್ಲೂ ಕುಡಿಯುವ ನೀರಿಗೆ ಪರದಾಡುತ್ತಾರೆ. ನಾಡಿಗೆ ಕರೆಂಟು ಕೊಡಲು ನೆಲ ಬಿಟ್ಟುಕೊಟ್ಟವರ ಪಾಡು ಅದು. ಅದನ್ನು ಹೇಳಲು ಹೊರಟರೆ ಇವತ್ತಿನ ಹೊತ್ತು ಸಾಲುವುದಿಲ್ಲ, ಊರಿನ ಲೆಕ್ಕಕ್ಕೆ ಬರುತ್ತೇನೆ.

2011ರ ಜನಗಣತಿಯಲ್ಲಿ ಶಿವಮೊಗ್ಗ ನಗರದ ಜನಸಂಖ್ಯೆ 3.22 ಲಕ್ಷ. ಈಗ ಲೆಕ್ಕದ ಅನುಕೂಲಕ್ಕೆ 4 ಲಕ್ಷ ಅಂತ ಇಟ್ಟುಕೊಳ್ಳೋಣ. ಒಳಚರಂಡಿ ಇರುವ ನಗರಕ್ಕೆ ತಲೆಗೆ ದಿನಕ್ಕೆ 135 ಲೀಟರ್ ಕೊಡಬೇಕು ಅನ್ನುವುದು ದೇಶದಲ್ಲಿ ಚಾಲ್ತಿಯಲ್ಲಿರುವ ಮಾನದಂಡ. ಗುಣಿಸಿದರೆ ದಿನಕ್ಕೆ 5.4 ಕೋಟಿ ಲೀಟರ್. ಕೇಳಲು ಭಯವಾಗುತ್ತದೆ. ಇದನ್ನೇ ಹೊಳೆಯ ಭಾಷೆಯಲ್ಲಿ ಹೇಳಿದರೆ 22 ಕ್ಯೂಸೆಕ್, ಅಂದರೆ ಸೆಕೆಂಡಿಗೆ 22 ಘನ ಅಡಿ. ನಾಲೆಗೆ ನೀರು ಬಿಡುವಾಗ ಪೇಪರಿನಲ್ಲಿ ಸಾವಿರಗಟ್ಟಲೆ ಕ್ಯೂಸೆಕ್ ಅಂತ ಓದುತ್ತೀರಲ್ಲ, ಅದರ ಮುಂದೆ ಇಡೀ ಊರಿನ ದಿನದ ನೀರು 22 ಕ್ಯೂಸೆಕ್. ಒಂದು ಟಿಎಂಸಿ ಅಂದರೆ ಸುಮಾರು 2,830 ಕೋಟಿ ಲೀಟರ್. ಸೋರಿಕೆ, ಆವಿ ಎಲ್ಲ ಬದಿಗಿಟ್ಟರೆ ಒಂದೇ ಟಿಎಂಸಿ ಈ ಊರಿಗೆ ಒಂದೂವರೆ ವರ್ಷದ ಹತ್ತಿರ ಬರುತ್ತದೆ.

ಹಾಗಾದರೆ ಚಿಂತೆ ಯಾಕೆ? ಒಳ್ಳೆಯ ಪ್ರಶ್ನೆ. ಯಾಕೆ ಅಂದರೆ ಡ್ಯಾಮಿನಲ್ಲಿ ಇರುವ ನೀರಿಗೂ ನಿಮ್ಮ ಬಿಂದಿಗೆಗೆ ಬೀಳುವ ನೀರಿಗೂ ನಡುವೆ ಬಹಳ ದೂರ ಇದೆ.

ಮೊದಲನೇ ತೊಡಕು ನದಿಯಲ್ಲೇ. ನದಿಯಿಂದ ನೀರು ಎತ್ತುವ ಯಾವುದೇ ಊರನ್ನು ತೆಗೆದುಕೊಳ್ಳಿ. ಜಾಕ್‌ವೆಲ್‌ಗೆ, ಅಂದರೆ ಪಂಪು ನೀರು ಎತ್ತುವ ಬಾವಿಗೆ, ನೀರು ಬರುವ ಕಿಂಡಿ ಒಂದು ಮಟ್ಟದಲ್ಲಿ ಇರುತ್ತದೆ. ಹೊಳೆ ಅದಕ್ಕಿಂತ ಕೆಳಗಿಳಿದರೆ, ಮಧ್ಯದ ಮಡುವಿನಲ್ಲಿ ಎಷ್ಟೇ ನೀರಿದ್ದರೂ ಪಂಪಿಗೆ ಸಿಗುವುದಿಲ್ಲ. ಪಂಪು ಗಾಳಿ ಎಳೆಯಲು ಶುರುಮಾಡುತ್ತದೆ. ಆ ಸದ್ದು ಕೇಳಿದವರಿಗೆ ಗೊತ್ತು, ಜಲ್ಲಿ ಅರೆಯುವ ಹಾಗೆ ಕರಕರ ಅನ್ನುತ್ತದೆ. ಹಾಗೇ ಬಿಟ್ಟರೆ ಪಂಪಿನೊಳಗೆ ತಿರುಗುವ ಚಕ್ರ, ಇಂಪೆಲ್ಲರ್, ತಿಂದುಹೋಗುತ್ತದೆ. ಆಗ ಮಾಡುವುದು ಮರಳು ಮೂಟೆಯ ಒಡ್ಡು. ಚೀಲಕ್ಕೆ ಮರಳು ತುಂಬಿ ಹೊಳೆಗೆ ಅಡ್ಡ ಪೇರಿಸಿ, ಕಿಂಡಿ ಮುಳುಗುವಷ್ಟು ನೀರು ನಿಲ್ಲಿಸುವುದು. ಸೊಂಟದಷ್ಟು ನೀರಿನಲ್ಲಿ ನಿಂತು ಮೂಟೆ ಜೋಡಿಸುವ ಕೆಲಸ. ಇದನ್ನು ಜನವರಿಯಲ್ಲಿ ಮಾಡಿದರೆ ನೀರು ಕೂಡುತ್ತದೆ. ಹೊಳೆಯ ಹರಿವೇ ನಿಂತಮೇಲೆ ಏಪ್ರಿಲ್ ಕೊನೆಗೆ ಮಾಡಿದರೆ ಅಲ್ಲಿ ಏನು ಕೂಡುತ್ತದೆ?

ಎರಡನೇ ತೊಡಕು ಊರೊಳಗೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ, ಯಾಕಂದರೆ ಇದನ್ನು ನೋಡಿದವರು ಕಡಿಮೆ.

ಬೆಳಗಿನ ಜಾವ ನಾಲ್ಕು ಗಂಟೆ. ವಾಲ್ವ್‌ಮ್ಯಾನ್ ಬೈಕು ನಿಲ್ಲಿಸಿ, ರಸ್ತೆ ಪಕ್ಕದ ಚೇಂಬರಿನ ಮುಚ್ಚಳ ಎತ್ತುತ್ತಾರೆ. ಟಾರ್ಚ್ ಬಿಟ್ಟು ಮೊದಲು ಹಾವು ಇದೆಯಾ ನೋಡುತ್ತಾರೆ. ಆಮೇಲೆ ಎದೆಯುದ್ದದ ಕಬ್ಬಿಣದ ಕೀ ಇಳಿಸಿ, ವಾಲ್ವಿನ ತಲೆಗೆ ಕೂರಿಸಿ, ಎರಡೂ ಕೈಯಲ್ಲಿ ತಿರುಗಿಸುತ್ತಾರೆ. ಬಾಯಲ್ಲಿ ಸುತ್ತು ಎಣಿಸುತ್ತಿರುತ್ತಾರೆ. ಈ ಎಣಿಕೆಯಲ್ಲೇ ಎಲ್ಲ ಇರುವುದು. ತಗ್ಗಿನ ಬೀದಿಯ ವಾಲ್ವನ್ನು ಪೂರ್ತಿ ತೆಗೆದರೆ ನೀರೆಲ್ಲ ಅಲ್ಲಿಗೇ ಹರಿದುಬಿಡುತ್ತದೆ, ದಿಣ್ಣೆ ಮೇಲಿನ ಬೀದಿಗೆ ಒತ್ತಡ ಏರುವುದೇ ಇಲ್ಲ. ಅದಕ್ಕೆ ತಗ್ಗಿಗೆ ಅರ್ಧಂಬರ್ಧ ತೆಗೆದು, ಲೈನು ತುಂಬುವುದಕ್ಕೆ ಬಿಟ್ಟು, ಆಮೇಲೆ ಮೇಲಿನ ವಾಲ್ವಿಗೆ ಹೋಗಬೇಕು. ಎಲ್ಲಿಗೆ ಎಷ್ಟು ಸುತ್ತು ಅನ್ನುವುದು ಯಾವ ನಕ್ಷೆಯಲ್ಲೂ ಬರೆದಿರುವುದಿಲ್ಲ. ಅದು ಅವರ ತಲೆಯಲ್ಲಿ ಇರುತ್ತದೆ. ಅವರು ರಜೆ ಹಾಕಿದ ದಿನ ಮೇಲಿನ ಬೀದಿಯವರು ಖಾಲಿ ಕೊಡ ಹಿಡಿದು ಬರುತ್ತಾರೆ.

ಮಾಮೂಲಿ ವರ್ಷದಲ್ಲಿ ಟ್ಯಾಂಕಿನ ತುಂಬ ನೀರಿರುತ್ತದೆ, ಎಣಿಕೆ ಒಂದೆರಡು ಸುತ್ತು ಆಚೀಚೆ ಆದರೂ ನಡೆಯುತ್ತದೆ. ಬರದ ವರ್ಷದಲ್ಲಿ ಓವರ್‌ಹೆಡ್ ಟ್ಯಾಂಕು ಅರ್ಧಕ್ಕಿಂತ ಮೇಲೆ ತುಂಬುವುದಿಲ್ಲ. ನೀರು ಬಿಡುವ ಹೊತ್ತು ಎರಡು ಗಂಟೆಯಿಂದ ಒಂದಕ್ಕೆ ಇಳಿಯುತ್ತದೆ. ಅದರ ಮೇಲೆ ನಾವು ಇನ್ನೊಂದು ಅನ್ಯಾಯ ಮಾಡುತ್ತೇವೆ, ನಲ್ಲಿ ಲೈನಿಗೇ ಮೋಟಾರು ಹಾಕಿ ಎಳೆಯುತ್ತೇವೆ. ಒಂದು ಬೀದಿಯಲ್ಲಿ ನಾಲ್ಕು ಮನೆಯವರು ಮೋಟಾರು ಹಾಕಿದರೆ ಐದನೆಯವರಿಗೆ ಗಾಳಿ ಬರುತ್ತದೆ. ಐದನೆಯವರೂ ಮೋಟಾರು ತರುತ್ತಾರೆ. ಕೊನೆಗೆ ಉಳಿಯುವುದು ಮೋಟಾರು ಕೊಳ್ಳಲು ಆಗದವರು, ಸಂಪು ಕಟ್ಟಿಸಲು ಜಾಗ ಇಲ್ಲದವರು, ಬಾಡಿಗೆ ವಠಾರದವರು. ಕೆಲವು ಊರುಗಳಲ್ಲಿ ನೀರು ಬಿಡುವ ಹೊತ್ತಿಗೆ ಆ ಬೀದಿಯ ಕರೆಂಟನ್ನೇ ತೆಗೆಸುತ್ತಾರೆ. ಒರಟು ಉಪಾಯ, ಆದರೆ ಕೆಲಸ ಮಾಡುತ್ತದೆ. ಬರದ ವರ್ಷದಲ್ಲಿ ನಾನು ಅದರ ಪರ.

ಮೂರನೆಯದು ಸೋರಿಕೆ. ರಸ್ತೆ ಅಡಿಯ ಪೈಪಿನಲ್ಲಿ 5 ಮಿಲಿಮೀಟರಿನ ಒಂದು ತೂತು, ಅಂದರೆ ಪೆನ್ಸಿಲಿಗಿಂತ ಸಣ್ಣದು. ಒತ್ತಡ ಇಪ್ಪತ್ತು ಮೀಟರ್ ಇದ್ದರೆ, ಅಂದರೆ ನೀರನ್ನು ಅಷ್ಟು ಎತ್ತರಕ್ಕೆ ಏರಿಸುವಷ್ಟಿದ್ದರೆ, ಆ ತೂತಿನಿಂದ ದಿನಕ್ಕೆ ಸುಮಾರು 20,000 ಲೀಟರ್ ಹೋಗುತ್ತದೆ. ಲೆಕ್ಕದ ಪ್ರಕಾರ ಅದು ನೂರೈವತ್ತು ಜನರ ಪಾಲು. ಅದು ಮೇಲಕ್ಕೆ ಚಿಮ್ಮಿದರೆ ಯಾರಾದರೂ ಫೋನ್ ಮಾಡುತ್ತಾರೆ. ಚರಂಡಿಗೆ ಸೇರಿಕೊಂಡರೆ ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಕಡೆ ಮಣ್ಣು ಜಂಬಿಟ್ಟಿಗೆ, ನೀರನ್ನು ಬೇಗ ಒಳಗೆ ಎಳೆದುಕೊಳ್ಳುತ್ತದೆ, ಹಾಗಾಗಿ ನೆಲದ ಮೇಲೆ ಗುರುತೇ ಇರದ ಸೋರಿಕೆಗಳು ಇರುತ್ತವೆ.

ಊರಿಗೆ ಬಿಟ್ಟ ನೂರು ಲೀಟರಿನಲ್ಲಿ ಮೂವತ್ತು ಸೋರಿಹೋಗುತ್ತದೆ ಅಂತ ಇಟ್ಟುಕೊಳ್ಳಿ. ಇದು ಶಿವಮೊಗ್ಗದ ಅಂಕಿ ಅಲ್ಲ, ಉದಾಹರಣೆಗೆ ಹೇಳುತ್ತಿದ್ದೇನೆ. ಮನೆಗಳಿಗೆ 5.4 ಕೋಟಿ ಮುಟ್ಟಬೇಕಾದರೆ 7.7 ಕೋಟಿ ಲೀಟರ್ ಪಂಪ್ ಮಾಡಬೇಕು. ಸೋರಿಕೆಯನ್ನು ಹದಿನೈದಕ್ಕೆ ಇಳಿಸಿದರೆ 6.35 ಕೋಟಿ ಸಾಕು. ಉಳಿಯುವ ನೀರು ದಿನಕ್ಕೆ 1.35 ಕೋಟಿ ಲೀಟರ್. ಹತ್ತು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ಅಷ್ಟು ನೀರು ತರಬೇಕಾದರೆ ದಿನಕ್ಕೆ 1,350 ಲೋಡು ಬೇಕು. ಯಾವ ಊರಿಗೂ ಅಷ್ಟು ಟ್ಯಾಂಕರು ಸಿಗುವುದಿಲ್ಲ. ಆದರೆ ಬರ ಬಂತು ಅಂದ ಕೂಡಲೇ ಮೊದಲು ಕರೆಯುವುದು ಟ್ಯಾಂಕರ್ ಟೆಂಡರು, ಎರಡನೆಯದು ಬೋರ್‌ವೆಲ್. ಸೋರಿಕೆ ಹುಡುಕುವ ಕೆಲಸಕ್ಕೆ ಯಾರೂ ರಿಬ್ಬನ್ ಕತ್ತರಿಸಲು ಬರುವುದಿಲ್ಲ ನೋಡಿ, ಅದಕ್ಕೇ ಅದು ಹಿಂದೆ ಬೀಳುತ್ತದೆ.

ಹುಡುಕುವುದು ಹೇಗೆ? ರಾತ್ರಿ ಎರಡರಿಂದ ನಾಲ್ಕರ ನಡುವೆ ಯಾರೂ ನೀರು ಬಳಸುವುದಿಲ್ಲ. ಆ ಹೊತ್ತಿನಲ್ಲಿ ಒಂದು ಬಡಾವಣೆಯ ಲೈನಿಗೆ ನೀರು ಬಿಟ್ಟು, ಮೀಟರ್ ನೋಡಬೇಕು. ನಲ್ಲಿಗಳೆಲ್ಲ ಮುಚ್ಚಿದ್ದೂ ಮೀಟರ್ ಜೋರಾಗಿ ಓಡುತ್ತಿದ್ದರೆ ಆ ನೀರು ಮಣ್ಣಿಗೆ ಹೋಗುತ್ತಿದೆ ಅಂತ ಅರ್ಥ. ಆಮೇಲೆ ಜಾಗ ಹಿಡಿಯಲು ಯಂತ್ರಗಳಿವೆ. ಹಳಬರು ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಪೈಪಿಗೆ ತಾಗಿಸಿ, ಇನ್ನೊಂದು ತುದಿಗೆ ಕಿವಿ ಕೊಟ್ಟು ಕೇಳುತ್ತಿದ್ದರು. ಸೋರುವ ಪೈಪು ಸುಯ್ ಅನ್ನುತ್ತದೆ. ಹತ್ತಿರ ಹೋದಷ್ಟೂ ಸದ್ದು ಗಟ್ಟಿಯಾಗುತ್ತದೆ. ಈ ಕಿವಿ ಇರುವವರು ಇಲಾಖೆಗಳಲ್ಲಿ ಈಗ ಬೆರಳೆಣಿಕೆಯಷ್ಟು ಜನ. ನಿವೃತ್ತರಾಗುವ ಮೊದಲು ಅವರಿಂದ ಹುಡುಗರು ಕಲಿತುಕೊಳ್ಳಬೇಕು. ಇದನ್ನು ಎಲ್ಲ ಸಭೆಯಲ್ಲೂ ಹೇಳುತ್ತೇನೆ, ಇಲ್ಲೂ ಹೇಳುತ್ತೇನೆ.

ಈಗ ದಿನ ಬಿಟ್ಟು ದಿನ ನೀರು ಬಿಡುವ ವಿಷಯ. ಬರ ಬಂದರೆ ಮೊದಲು ಮಾಡುವುದು ಇದನ್ನೇ. ಇದರಿಂದ ನೀರು ಉಳಿಯುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಸ್ವಲ್ಪ ಉಳಿಯುತ್ತದೆ, ನಿಜ. ಆದರೆ ಮನೆಯವರು ಏನು ಮಾಡುತ್ತಾರೆ? ಇದ್ದಬದ್ದ ಡ್ರಮ್ಮು, ಹಂಡೆ, ಬಕೆಟ್ ಎಲ್ಲ ತುಂಬಿಸಿಡುತ್ತಾರೆ. ಹೊಸ ನೀರು ಬಂದಾಗ "ಹಳೇ ನೀರು" ಅಂತ ಹೊರಗೆ ಚೆಲ್ಲಿ ಮತ್ತೆ ತುಂಬುತ್ತಾರೆ. ಮುಚ್ಚದ ಡ್ರಮ್ಮಿನಲ್ಲಿ ಸೊಳ್ಳೆ ಮರಿ ಮಾಡುತ್ತದೆ, ಡೆಂಗಿ ಬರುತ್ತದೆ.

ಅದಕ್ಕಿಂತ ಹೆಚ್ಚಿನ ಅಪಾಯ ಪೈಪಿನಲ್ಲಿ. ನೀರು ನಿಲ್ಲಿಸಿದಾಗ ಲೈನು ಖಾಲಿಯಾಗುತ್ತಾ ಒಳಗೆ ಎಳೆತ ಉಂಟಾಗುತ್ತದೆ. ನೀರು ಹೊರಗೆ ಸೋರುತ್ತಿದ್ದ ಅದೇ ತೂತಿನಿಂದ ಚರಂಡಿ ನೀರು ಒಳಗೆ ಬರುತ್ತದೆ. ಮಾರನೇ ದಿನ ವಾಲ್ವ್ ತೆಗೆದಾಗ ಅದೇ ಮೊದಲು ನಿಮ್ಮ ಮನೆಗೆ ಬರುವುದು. ಹಾಗಾಗಿ ನೀರು ಬಂದ ಕೂಡಲೇ ಮೊದಲ ಒಂದೆರಡು ಕೊಡ ಕುಡಿಯಲು ಹಿಡಿಯಬೇಡಿ. ಗಿಡಕ್ಕೆ ಹಾಕಿ, ಬಚ್ಚಲಿಗೆ ಇಟ್ಟುಕೊಳ್ಳಿ. ಬಣ್ಣ ತಿಳಿಯಾದಮೇಲೆ ಕುಡಿಯಲು ಹಿಡಿದು, ಕುದಿಸಿ ಕುಡಿಯಿರಿ. ನಿಯಮದ ಪ್ರಕಾರ ನಲ್ಲಿಯ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಇದನ್ನು ಶುದ್ಧೀಕರಣ ಘಟಕದ ಬಾಗಿಲಲ್ಲಿ ಪರೀಕ್ಷಿಸಿದರೆ ಸಾಲದು. ಆ ಕೊನೇ ಮನೆಯಲ್ಲಿ ಪರೀಕ್ಷಿಸಬೇಕು. ಪುಟ್ಟ ಕಿಟ್ ಸಿಗುತ್ತದೆ, ಹನಿ ಹಾಕಿ ಬಣ್ಣ ನೋಡುವುದು. ಹೈಸ್ಕೂಲಿನ ಮಕ್ಕಳು ಮಾಡಬಹುದು.

ನನ್ನ ಅನುಭವದಲ್ಲಿ ವಾರಕ್ಕೆ ಎರಡು ಸಲ ಗೊತ್ತಿಲ್ಲದ ಹೊತ್ತಿಗೆ ಬರುವ ನೀರಿಗಿಂತ, ದಿನಾ ಮುಕ್ಕಾಲು ಗಂಟೆ ಹೇಳಿದ ಹೊತ್ತಿಗೆ ಬರುವ ನೀರು ವಾಸಿ. ಜನ ಅಷ್ಟು ಕೂಡಿಡುವುದಿಲ್ಲ, ಅಷ್ಟು ಚೆಲ್ಲುವುದಿಲ್ಲ. ಕೂಲಿಗೆ ಹೋಗುವ ಹೆಂಗಸು ನೀರಿಗೆ ಕಾದು ಅರ್ಧ ದಿನದ ಕೂಲಿ ಕಳೆದುಕೊಳ್ಳುವುದಿಲ್ಲ. ಈ ಕಳೆದುಹೋದ ಕೂಲಿಯನ್ನು ಯಾವ ಬರದ ವರದಿಯಲ್ಲೂ ಬರೆಯುವುದಿಲ್ಲ ಅನ್ನುವುದು ನನಗೆ ತುಂಬಾ ಬೇಸರದ ವಿಷಯ.

ಹಾಗಾದರೆ ಬರದ ತೀರ್ಮಾನಗಳನ್ನು ಯಾವಾಗ ಮಾಡಬೇಕು? ದಸರಾ ಹೊತ್ತಿಗೆ. ಮಳೆಗಾಲದ ಲೆಕ್ಕ ಆಗ ಮುಗಿದಿರುತ್ತದೆ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಏನು ಕೊಟ್ಟವು ಅಂತ ಗೊತ್ತಾಗಿರುತ್ತದೆ. ಹಿಂಗಾರು ನಮ್ಮ ಹೊಳೆಗೆ ದೊಡ್ಡದಾಗಿ ಏನೂ ತರುವುದಿಲ್ಲ. ಆ ದಿನ ಕೂತು ಹಿಂದಿನಿಂದ ಎಣಿಸಬೇಕು. ಮುಂದಿನ ಮುಂಗಾರು ತಡವಾಗಿ ಜುಲೈ ಮೊದಲ ವಾರಕ್ಕೆ ಬಂತು ಅಂತ ಇಟ್ಟುಕೊಂಡು, ಅಲ್ಲಿಯವರೆಗೆ ಊರಿಗೆ ಎಷ್ಟು, ಆವಿಗೆ ಎಷ್ಟು, ಹೊಳೆ ಜೀವಂತ ಇರಲು ಎಷ್ಟು ಅಂತ ತೆಗೆದಿಟ್ಟು, ಉಳಿದದ್ದನ್ನು ನಾಲೆಗೆ ಕೊಡಬೇಕು. ಆವಿಯನ್ನು ಹಗುರ ಮಾಡಬೇಡಿ. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಆರಿದರೂ ಒಂದು ಹೆಕ್ಟೇರ್ ನೀರಿನ ಮೇಲಿನಿಂದ 50,000 ಲೀಟರ್ ಹೋದ ಹಾಗೆ.

ಜೊತೆಗೆ ಮಟ್ಟಗಳನ್ನು ಮೊದಲೇ ಬರೆದಿಡಬೇಕು. ನೀರು ಇಷ್ಟಕ್ಕೆ ಇಳಿದರೆ ಕಾರು ತೊಳೆಯುವುದು, ಪಾರ್ಕಿಗೆ ಕುಡಿಯುವ ನೀರು ಬಿಡುವುದು ಬಂದ್. ಇನ್ನೂ ಇಳಿದರೆ ಹೊಸ ಕಟ್ಟಡಕ್ಕೆ ಕೊಡುವುದು ಬಂದ್. ಇನ್ನೂ ಇಳಿದರೆ ಮನೆಗಳಿಗೆ ಹೊತ್ತು ಕಡಿತ. ಯಾವ ಮಟ್ಟಕ್ಕೆ ಯಾವ ಕ್ರಮ ಅಂತ ಅಕ್ಟೋಬರಿನಲ್ಲೇ ಊರಿಗೆಲ್ಲ ಗೊತ್ತಿದ್ದರೆ ಮಾರ್ಚಿನಲ್ಲಿ ಜಗಳ ಇಲ್ಲ. ಬೆಂಗಳೂರಿನಲ್ಲಿ 2024ರ ಮಾರ್ಚಿನಲ್ಲಿ ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಆದೇಶ ಬಂತು. ಅಷ್ಟು ಹೊತ್ತಿಗೆ ಬೋರ್‌ವೆಲ್‌ಗಳು ಒಣಗಿದ್ದವು.

ತಡ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಮಹಾರಾಷ್ಟ್ರದ ಲಾತೂರು ಸಾಕ್ಷಿ. ಅದೂ ಹೆಚ್ಚುಕಡಿಮೆ ನಮ್ಮಷ್ಟೇ ದೊಡ್ಡ ಊರು. 2016ರ ಏಪ್ರಿಲ್‌ನಲ್ಲಿ ಮೀರಜ್‌ನಿಂದ ರೈಲಿನಲ್ಲಿ ನೀರು ತಂದರು. ಮೊದಲ ರೈಲಿನಲ್ಲಿ ಬಂದದ್ದು 5 ಲಕ್ಷ ಲೀಟರ್. ಊರಿನ ಜನಕ್ಕೆ ಹಂಚಿದರೆ ತಲೆಗೆ ಒಂದು ಲೀಟರ್ ಚಿಲ್ಲರೆ. ಆಮೇಲೆ ಐವತ್ತು ವ್ಯಾಗನ್ನಿನ ರೈಲು ಬಂತು, 25 ಲಕ್ಷ ಲೀಟರ್. ಆಗಲೂ ತಲೆಗೆ ಆರು ಲೀಟರ್ ಚಿಲ್ಲರೆ. ರೈಲು ತಂದವರ ಶ್ರಮ ದೊಡ್ಡದು, ಆದರೆ ರೈಲಿನಿಂದ ಒಂದು ಊರು ಬದುಕುವುದಿಲ್ಲ. 2019ರಲ್ಲಿ ಚೆನ್ನೈಗೂ ಜೋಲಾರಪೇಟೆಯಿಂದ ರೈಲಿನಲ್ಲಿ ನೀರು ಹೋಯಿತು. ಅದು ವರ್ಷಕ್ಕೆ ಸಾವಿರ ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಊರು.

ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಬೇರೆ ದಾರಿ ಹಿಡಿಯಿತು. ಸತತ ಮೂರು ವರ್ಷ ಮಳೆ ಕೈಕೊಟ್ಟು, ನಲ್ಲಿ ಪೂರ್ತಿ ಬಂದ್ ಮಾಡುವ ದಿನಾಂಕ ಎಣಿಸುವ ಮಟ್ಟಕ್ಕೆ ಬಂದಿದ್ದರು. 2018ರ ಫೆಬ್ರವರಿಯಿಂದ ತಲೆಗೆ 50 ಲೀಟರ್ ಮಿತಿ ಹಾಕಿದರು. ಪೈಪಿನ ಒತ್ತಡ ಇಳಿಸಿದರು, ಅದರಿಂದ ಸೋರಿಕೆಯೂ ಇಳಿಯಿತು. ಯಾವ ಮನೆ ಮಿತಿಯೊಳಗೆ ಇದೆ ಅಂತ ನಕ್ಷೆ ಮಾಡಿ ಎಲ್ಲರಿಗೂ ಕಾಣುವಂತೆ ಹಾಕಿದರು. 2015ರಲ್ಲಿ ದಿನಕ್ಕೆ 120 ಕೋಟಿ ಲೀಟರ್ ಆಸುಪಾಸು ಬಳಸುತ್ತಿದ್ದ ಊರು ಮೂರು ವರ್ಷದಲ್ಲಿ ಅರ್ಧಕ್ಕೆ ಬಂತು. ಆ ದಿನ ಬರಲೇ ಇಲ್ಲ. ಆದರೆ ಅಲ್ಲೂ ಉಳ್ಳವರು ಮನೆಯಂಗಳದಲ್ಲಿ ಬೋರು ಹೊಡೆಸಿಕೊಂಡರು, ಜೋಪಡಿಯವರು ಯಾವಾಗಲೂ ಇದ್ದ ಹಾಗೆ ಬೀದಿ ನಲ್ಲಿಯಲ್ಲೇ ಸಾಲು ನಿಂತರು. ಅದನ್ನು ಬಿಟ್ಟು ಬರೀ ಹೊಗಳಿದರೆ ಸರಿಯಾಗುವುದಿಲ್ಲ.

ಇನ್ನು ರೈತರ ಮಾತು. ನಾಲೆ ನಿಲ್ಲಿಸಿ ಊರಿಗೆ ನೀರು ಇಟ್ಟುಕೊಂಡರೆ ರೈತ ಸುಮ್ನೆ ಇರಬೇಕಾ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. 1987ರ ರಾಷ್ಟ್ರೀಯ ಜಲನೀತಿಯಿಂದಲೂ ಕುಡಿಯುವ ನೀರಿಗೇ ಮೊದಲ ಆದ್ಯತೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಎಕರೆ ಅಡಿಕೆಯಲ್ಲಿ ಐನೂರೈವತ್ತು ಮರ. ಡ್ರಿಪ್ಪಿನಲ್ಲಿ ಕೊಟ್ಟರೂ ಮರಕ್ಕೆ ದಿನಕ್ಕೆ ಹದಿನೆಂಟು ಇಪ್ಪತ್ತು ಲೀಟರ್ ಬೇಕು. ಎಕರೆಗೆ ಸುಮಾರು 10,000 ಲೀಟರ್. ಭತ್ತ ಒಂದು ಬೆಳೆ ಬಿಟ್ಟರೆ ಮುಂದಿನ ವರ್ಷ ಬಿತ್ತಬಹುದು. ಅಡಿಕೆ ಮರ ಒಂದು ಬೇಸಿಗೆ ಒಣಗಿದರೆ ಮತ್ತೆ ಫಸಲು ನೋಡಲು ಐದಾರು ವರ್ಷ ಬೇಕು. ಹಾಗಾಗಿ ಇದನ್ನು ರೈತರಿಗೂ ದಸರಾ ಹೊತ್ತಿಗೇ ಹೇಳಬೇಕು: ಈ ಸಲ ಬೇಸಿಗೆ ಭತ್ತಕ್ಕೆ ನೀರಿಲ್ಲ, ತೋಟಕ್ಕೆ ಇಷ್ಟು ದಿನಕ್ಕೊಮ್ಮೆ ಇಷ್ಟು ಬಿಡುತ್ತೇವೆ ಅಂತ. ನಾಟಿ ಮಾಡಿ ಗೊಬ್ಬರ ಹಾಕಿದಮೇಲೆ ಫೆಬ್ರವರಿಯಲ್ಲಿ ನಾಲೆ ಬಂದ್ ಮಾಡುವುದು ದ್ರೋಹ. ನಾಲೆಯಲ್ಲೂ ಕೊನೇ ಭಾಗದವರ ಗೋಳು ಊರಿನ ಕೊನೇ ಮನೆಯವರ ಗೋಳೇ. ಮೇಲಿನವರು ಪಂಪು ಇಟ್ಟು ಎತ್ತಿದರೆ ಕೆಳಗಿನವರಿಗೆ ಬರೀ ನಾಲೆಯ ಹಾಸು ಕಾಣುತ್ತದೆ.

ನಮ್ಮ ಕೆಳಗಿನವರ ವಿಷಯವೂ ಇದೆ. ಊರು ಬಳಸಿದ ನೀರಿನಲ್ಲಿ ನೂರಕ್ಕೆ ಎಂಬತ್ತರಷ್ಟು ಕೊಳಚೆಯಾಗಿ ಹೊರಗೆ ಬರುತ್ತದೆ ಅನ್ನುವುದು ಎಂಜಿನಿಯರುಗಳು ಹಾಕುವ ಮಾಮೂಲಿ ಲೆಕ್ಕ. ಮಳೆಗಾಲದಲ್ಲಿ ಹೊಳೆ ಅದನ್ನು ಕರಗಿಸಿಕೊಂಡು ಹೋಗುತ್ತದೆ. ಬರದ ಬೇಸಿಗೆಯಲ್ಲಿ ಹೊಳೆಯಲ್ಲಿ ಹರಿಯುವುದೇ ಅದು ಆಗಿಬಿಡುತ್ತದೆ. ಕೂಡ್ಲಿಯಲ್ಲಿ ಜನ ತೀರ್ಥ ಅಂತ ಮುಳುಗುವುದು ಇದೇ ನೀರಿನಲ್ಲಿ. ಅದನ್ನು ಶುದ್ಧ ಮಾಡಿ ಪಾರ್ಕಿಗೆ, ಕಟ್ಟಡದ ಕೆಲಸಕ್ಕೆ, ಕಾರ್ಖಾನೆಗೆ ಕೊಟ್ಟರೆ ಅಷ್ಟು ಕುಡಿಯುವ ನೀರು ಉಳಿಯುತ್ತದೆ.

ಮಾತು ಮುಗಿದಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ಯುವಕರು ಕೇಳಿದರು: "ಸಾರ್, ಲಿಂಗನಮಕ್ಕಿಯಿಂದ ಬೆಂಗಳೂರಿಗೆ ನೀರು ಒಯ್ಯುತ್ತೇವೆ ಅಂದಾಗ ಜಿಲ್ಲೆ ಬಂದ್ ಮಾಡಿದೆವು. ಮತ್ತೆ ಕೇಳಿದರೆ ಏನು ಹೇಳಬೇಕು?" 2019ರ ಜುಲೈ 10ರ ಆ ಬಂದ್ ನನಗೂ ಚೆನ್ನಾಗಿ ನೆನಪಿದೆ. ನಾನು ಹೇಳಿದ್ದು ಇಷ್ಟು: ಬೇಡ ಅನ್ನಿ, ಗಟ್ಟಿಯಾಗಿ ಅನ್ನಿ. ನಾನೂ ಅನ್ನುತ್ತೇನೆ. ಅಷ್ಟು ದೂರದ ಗುಡ್ಡ ಹತ್ತಿಸಿ ನೀರು ಒಯ್ಯುವ ಮೊದಲು ಬೆಂಗಳೂರು ತನ್ನ ಸೋರಿಕೆ, ತನ್ನ ಕೆರೆ, ತನ್ನ ಮಳೆನೀರನ್ನು ನೋಡಿಕೊಳ್ಳಲಿ. ಆದರೆ ಈ ಮಾತನ್ನು ಹೇಳುವ ಊರಿನ ಕೈಯಲ್ಲೂ ಅದರದ್ದೇ ಸೋರಿಕೆ ಲೆಕ್ಕ ಇರಬೇಕು. ಬಡಾವಣೆವಾರು ಎಷ್ಟು ಬಿಟ್ಟೆವು, ಎಷ್ಟು ಮುಟ್ಟಿತು ಅನ್ನುವ ಲೆಕ್ಕ. ಅದನ್ನು ಪಾಲಿಕೆಯಲ್ಲಿ ಕೇಳಿ ಪಡೆಯುವುದು ನಿಮ್ಮ ಹಕ್ಕು.

ಹಿಂದಿನ ಸಾಲಿನಲ್ಲಿ ಕೂತಿದ್ದ ಅಮ್ಮ ಒಬ್ಬರು ಎದ್ದು ನಿಂತರು. "ನಮ್ಮದೇ ಕಣಪ್ಪ ನೀವು ಹೇಳಿದ ಕೊನೇ ಮನೆ. ದಿಣ್ಣೆ ಮೇಲೆ ಇದ್ದೀವಿ. ನಾವು ಏನು ಮಾಡಬೇಕು ಅಂತ ಹೇಳಿ" ಅಂದರು.

ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಅಮ್ಮ, ಒಂದು ಹಳೇ ಕ್ಯಾಲೆಂಡರ್ ತಗೊಳ್ಳಿ. ನೀರು ಬಂದ ದಿನ, ಬಂದ ಗಂಟೆ, ನಿಂತ ಗಂಟೆ, ಎಷ್ಟು ಕೊಡ ತುಂಬಿತು, ಬಣ್ಣ ಹೇಗಿತ್ತು ಅಂತ ಆ ತಾರೀಖಿನ ಮೇಲೇ ಬರೆಯಿರಿ. ನಿಮಗೆ ಆಗದಿದ್ದರೆ ಮೊಮ್ಮಗಳ ಕೈಲಿ ಬರೆಸಿ. ನಿಮ್ಮ ಬೀದಿಯ ಇನ್ನೂ ನಾಲ್ಕು ಮನೆಯವರು ಹೀಗೇ ಬರೆಯಲಿ. ಎರಡು ತಿಂಗಳು ಆದಮೇಲೆ ಐದೂ ಕ್ಯಾಲೆಂಡರ್ ಹಿಡಿದು ವಾರ್ಡಿನ ಎಂಜಿನಿಯರ್ ಹತ್ತಿರ ಹೋಗಿ, ನಿಮ್ಮ ವಾಲ್ವ್‌ಮ್ಯಾನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಯಾವ ವಾಲ್ವಿಗೆ ಎಷ್ಟು ಸುತ್ತು ಅಂತ ಅವರು ಅಲ್ಲೇ ಕೂತು ಮಾತಾಡಲಿ.